ಜೀವಕೋಶ ದಾರಿ ತಪ್ಪಿದಾಗ: ನಮ್ಮ ನೆರೆಯ ಪರೇಲಿನ ಒಂದು ಚರಿತ್ರೆ

ವಡಾಲದಲ್ಲಿ ಮನೆಯಿರುವ ಕನ್ನಡಿಗರಿಗೆ ಊರಿನಿಂದ ಬರುವ ಫೋನುಗಳಲ್ಲಿ ಒಂದು ಬಗೆಯಿದೆ. ಮೊದಲು ಎಲ್ಲರ ಕ್ಷೇಮ ವಿಚಾರಿಸುತ್ತಾರೆ, ಮಳೆ ಬೆಳೆಯ ಮಾತಾಡುತ್ತಾರೆ. ಕೊನೆಗೆ ದನಿ ತಗ್ಗಿಸಿ, "ಟಾಟಾ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರವೇ ಅಲ್ಲವಾ?" ಎನ್ನುತ್ತಾರೆ. ರೋಗದ ಹೆಸರನ್ನು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಮರುವಾರ ಹಾಲ್‌ನಲ್ಲಿ ಎರಡು ಹಾಸಿಗೆ ಹೆಚ್ಚಿಗೆ ಬೀಳುತ್ತವೆ.

ನನ್ನ ದೊಡ್ಡಮ್ಮ ನಮ್ಮ ಮನೆಗೆ ಬಂದದ್ದೂ ಹಾಗೆಯೇ. ಎದೆಯಲ್ಲಿ ಗಂಟಿದೆ ಎಂಬುದು ಅವರಿಗೆ ಹದಿನಾಲ್ಕು ತಿಂಗಳ ಹಿಂದೆಯೇ ತಿಳಿದಿತ್ತು. ಮೊದಲು ಮಗಳ ಮದುವೆ, ಆಮೇಲೆ ಕೊಯ್ಲು, ಆಮೇಲೆ ಮಾವನವರ ವರ್ಷಾಂತಿಕ. "ಯಾಕೆ ಅಕ್ಕ ಯಾರಿಗೂ ಹೇಳಲಿಲ್ಲ?" ಎಂದು ನನ್ನ ಅಮ್ಮ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು: "ನೋಯಲಿಲ್ಲವಲ್ಲ, ಸುಮ್ಮನೆ ಯಾಕೆ ಎಲ್ಲರಿಗೂ ತೊಂದರೆ ಅಂತ."

ನೋವಿಲ್ಲದ ಗಂಟು ಏಕೆ ಅಪಾಯದ್ದು? ಅದು ಎಲ್ಲಿಂದ ಬರುತ್ತದೆ, ಬೆಳೆಯಲು ಎಷ್ಟು ಕಾಲ ಹಿಡಿಯುತ್ತದೆ? ಇದನ್ನು ತಿಳಿಯಲು ಮನುಷ್ಯರಿಗೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಆ ತಿಳಿವಳಿಕೆಯ ಒಂದು ದೊಡ್ಡ ಭಾಗ ರೂಪುಗೊಂಡದ್ದು ನಮ್ಮ ಮನೆಗಳಿಂದ ನಾಲ್ಕೈದು ಕಿಲೋಮೀಟರ್ ದೂರದ ಪರೇಲಿನಲ್ಲಿ. ಅದರಲ್ಲಿ ಹೆಂಗಸರ ಪಾಲು ದೊಡ್ಡದು. ಅದನ್ನು ನೆನೆಯಲೆಂದೇ ಈ ಲೇಖನ.

ಏಡಿಯಿಂದ ಜೀವಕೋಶದವರೆಗೆ

ಸುಶ್ರುತ ಸಂಹಿತೆಯಲ್ಲಿ ದೇಹದಲ್ಲಿ ಬೆಳೆಯುವ ಗೆಡ್ಡೆಗೆ 'ಅರ್ಬುದ' ಎಂಬ ಹೆಸರಿದೆ. ಕನ್ನಡದಲ್ಲಿ ಇಂದಿಗೂ ಆ ಪದ ಬಳಕೆಯಲ್ಲಿದೆ. ಗ್ರೀಸಿನ ವೈದ್ಯರು ಗೆಡ್ಡೆಯನ್ನೂ ಅದರ ಸುತ್ತ ಉಬ್ಬಿದ ರಕ್ತನಾಳಗಳನ್ನೂ ನೋಡಿ ಏಡಿಯನ್ನು ನೆನೆದರು. ಅವರ ಭಾಷೆಯ ಏಡಿ ಲ್ಯಾಟಿನ್ ಭಾಷೆಗೆ ಹೋಗಿ 'ಕ್ಯಾನ್ಸರ್' ಆಯಿತು. ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ. ದೇಹದಲ್ಲಿ ಕಪ್ಪು ಪಿತ್ತ ಹೆಚ್ಚಾಗಿ ಹೀಗಾಗುತ್ತದೆ ಎಂದೇ ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು.

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಜೇನುಗೂಡಿನಂಥ ಪುಟ್ಟ ಕೋಣೆಗಳನ್ನು ಕಂಡ. 'ಕೋಶ' ಎಂಬ ಹೆಸರು ಬಂದದ್ದು ಆಗ. ಗಿಡಗಳೂ ಪ್ರಾಣಿಗಳೂ ಜೀವಕೋಶಗಳಿಂದಲೇ ಕಟ್ಟಲ್ಪಟ್ಟಿವೆ ಎಂದು ಜರ್ಮನಿಯ ಶ್ಲೈಡನ್ ಮತ್ತು ಶ್ವಾನ್ ಸ್ಥಾಪಿಸಿದ್ದು 1838-39ರಲ್ಲಿ. ಅದೇ 1838ರಲ್ಲಿ ಯೊಹಾನ್ನೆಸ್ ಮ್ಯುಲ್ಲರ್ ಗೆಡ್ಡೆಗಳನ್ನು ಪರೀಕ್ಷಿಸಿ, ಅವೂ ಜೀವಕೋಶಗಳಿಂದಲೇ ಆದವು ಎಂದು ತೋರಿಸಿದ. ಅವನ ಶಿಷ್ಯ ರುಡಾಲ್ಫ್ ಫಿರ್ಖೋ ಇನ್ನೊಂದು ಹೆಜ್ಜೆ ಮುಂದೆ ಹೋದ. ಪ್ರತಿ ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುತ್ತದೆ ಎಂದು 1850ರ ದಶಕದಲ್ಲಿ ಅವನು ಸಾರಿದ.

ಇದು ಸಣ್ಣ ಮಾತಲ್ಲ. ಕ್ಯಾನ್ಸರ್ ಹೊರಗಿನಿಂದ ಬಂದು ಹೊಕ್ಕ ಭೂತವಲ್ಲ, ಯಾರದೋ ದೃಷ್ಟಿಯೂ ಅಲ್ಲ. ಅದು ನಮ್ಮದೇ ದೇಹದ ಒಂದು ಜೀವಕೋಶದ ಸಂತಾನ, ದಾರಿ ತಪ್ಪಿದ ಸಂತಾನ.

ದಾರಿ ತಪ್ಪುವುದು ಹೇಗೆ? ಜೀವಕೋಶದೊಳಗಿನ ವರ್ಣತಂತುಗಳು ಕೆಟ್ಟಾಗ ಅದು ಲಂಗುಲಗಾಮಿಲ್ಲದೆ ಒಡೆಯುತ್ತಾ ಹೋಗಬಹುದು ಎಂದು ಥಿಯೋಡೋರ್ ಬೊವೇರಿ 1914ರಲ್ಲಿ ಬರೆದ. ಆ ಪುಸ್ತಕವನ್ನು 1929ರಲ್ಲಿ ಇಂಗ್ಲಿಷಿಗೆ ತಂದವರು ಅವನ ಪತ್ನಿ ಮಾರ್ಸೆಲ್ಲಾ ಬೊವೇರಿ. ಆಕೆಯೂ ಜೀವವಿಜ್ಞಾನಿ. ಆ ಹೊತ್ತಿಗೆ ಗಂಡ ತೀರಿಕೊಂಡು ವರ್ಷಗಳೇ ಆಗಿದ್ದವು.

ಹಾಡಿನ ಪುಸ್ತಕದ ತಪ್ಪು

ನಮ್ಮ ದೇಹದಲ್ಲಿ ಸುಮಾರು ಮೂವತ್ತು ಲಕ್ಷ ಕೋಟಿ ಜೀವಕೋಶಗಳಿವೆ. ಚರ್ಮ, ಕರುಳಿನ ಒಳಪದರ, ರಕ್ತ ಇವೆಲ್ಲ ದಿನವೂ ಹೊಸದಾಗುತ್ತಿರುತ್ತವೆ. ಹಳೆಯ ಕೋಶ ಸಾಯುತ್ತದೆ, ಇನ್ನೊಂದು ಒಡೆದು ಎರಡಾಗಿ ಅದರ ಜಾಗ ತುಂಬುತ್ತದೆ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೆ ಗಾಯ ಮುಚ್ಚುವವರೆಗೆ ಮಾತ್ರ ಚರ್ಮ ಬೆಳೆಯುತ್ತದೆ, ಮುಚ್ಚಿದ ಕೂಡಲೇ ನಿಲ್ಲುತ್ತದೆ. ಈ 'ನಿಲ್ಲುವುದು' ಬೆಳೆಯುವುದರಷ್ಟೇ ದೊಡ್ಡ ಕೆಲಸ.

ಕೋಶ ಒಡೆಯುವ ಮುನ್ನ ತನ್ನೊಳಗಿನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಅಜ್ಜಿಯ ಹಾಡಿನ ಪುಸ್ತಕವನ್ನು ಅಮ್ಮ ನೋಡಿ ಬರೆದುಕೊಂಡದ್ದು, ಅಮ್ಮನದನ್ನು ನಾವು ಬರೆದುಕೊಂಡದ್ದು ನೆನಪಿಸಿಕೊಳ್ಳಿ. ಒಂದು ಕಡೆ ಅಕ್ಷರ ತಪ್ಪಿದರೆ ಮುಂದಿನ ಪುಸ್ತಕದಲ್ಲಿ ಆ ತಪ್ಪೇ ಸರಿಯಾಗಿ ಕೂತುಬಿಡುತ್ತದೆ. ಜೀವಕೋಶದಲ್ಲಿ ತಿದ್ದುವ ವ್ಯವಸ್ಥೆಯೂ ಇದೆ. ಹೆಚ್ಚಿನ ತಪ್ಪುಗಳನ್ನು ಅದು ಹಿಡಿದು ಸರಿಪಡಿಸುತ್ತದೆ. ತಿದ್ದಲಾಗದಷ್ಟು ಕೆಟ್ಟ ಕೋಶ ತಾನಾಗಿಯೇ ಸಾಯುವ ಏರ್ಪಾಡೂ ಉಂಟು. ಆದರೂ ಕೆಲವು ತಪ್ಪುಗಳು ಉಳಿಯುತ್ತವೆ. ವಯಸ್ಸು ಹೆಚ್ಚಿದಂತೆ ಅವು ಕೂಡುತ್ತವೆ. ತಂಬಾಕು, ಅತಿಯಾದ ಬಿಸಿಲು, ಕೆಲವು ವೈರಸ್‌ಗಳು ತಪ್ಪುಗಳನ್ನು ಹೆಚ್ಚಿಸುತ್ತವೆ.

ಬಹಳಷ್ಟು ತಪ್ಪುಗಳಿಂದ ಏನೂ ಆಗುವುದಿಲ್ಲ. ಅಪಾಯವಿರುವುದು ಎರಡು ಬಗೆಯ ವಂಶವಾಹಿಗಳಲ್ಲಿ ತಪ್ಪಾದಾಗ. ಒಂದು ಬಗೆ ಬೆಳವಣಿಗೆಗೆ ಆಕ್ಸಿಲರೇಟರ್ ಇದ್ದಂತೆ, ಇನ್ನೊಂದು ಬ್ರೇಕ್ ಇದ್ದಂತೆ. ಬ್ರೇಕಿನ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಗೆಡ್ಡೆ ಹುಟ್ಟುತ್ತದೆ ಎಂಬ ವಿಚಾರವನ್ನು ಆಲ್ಫ್ರೆಡ್ ನಡ್ಸನ್ 1971ರಲ್ಲಿ, ಮಕ್ಕಳ ಕಣ್ಣಿನ ಕ್ಯಾನ್ಸರ್ ಅಧ್ಯಯನ ಮಾಡಿ ಮುಂದಿಟ್ಟರು. ಆಕ್ಸಿಲರೇಟರ್ ಹೊರಗಿನಿಂದ ಬಂದದ್ದಲ್ಲ, ಆರೋಗ್ಯವಂತ ಕೋಶದಲ್ಲೇ ಇರುವ ವಂಶವಾಹಿ ಎಂದು ಬಿಷಪ್ ಮತ್ತು ವಾರ್ಮಸ್ 1976ರಲ್ಲಿ ತೋರಿಸಿದರು. ಅದಕ್ಕೆ 1989ರಲ್ಲಿ ಅವರಿಗೆ ನೊಬೆಲ್ ಬಂತು.

ಒಂದೇ ತಪ್ಪಿನಿಂದ ಸಾಮಾನ್ಯವಾಗಿ ಕ್ಯಾನ್ಸರ್ ಆಗುವುದಿಲ್ಲ. ಮೊದಲು ಕೋಶಗಳ ಸಂಖ್ಯೆ ಹೆಚ್ಚುತ್ತದೆ. ಆಮೇಲೆ ಅವುಗಳ ಆಕಾರ, ಜೋಡಣೆ ಕೆಡುತ್ತದೆ. ಬಳಿಕ ಹುಟ್ಟಿದ ಪದರದೊಳಗೇ ಕ್ಯಾನ್ಸರ್ ಆಗಿ ಕೂರುತ್ತವೆ. ಕೊನೆಗೆ ಪದರ ಒಡೆದು ಪಕ್ಕಕ್ಕೆ ನುಗ್ಗುತ್ತವೆ, ರಕ್ತ ಮತ್ತು ದುಗ್ಧರಸದ ದಾರಿಯಲ್ಲಿ ಸಾಗಿ ದೂರದ ಅಂಗಗಳಲ್ಲಿ ಬೀಡುಬಿಡುತ್ತವೆ. ಕೊನೆಯ ಹಂತ ತಲುಪುವವರೆಗೆ ನೋವು ಇಲ್ಲದಿರಬಹುದು. ಏಕೆಂದರೆ ಅಲ್ಲಿರುವುದು ಹುಣ್ಣೂ ಅಲ್ಲ, ಬಾವೂ ಅಲ್ಲ, ನಮ್ಮದೇ ಕೋಶಗಳ ಸದ್ದಿಲ್ಲದ ಗುಂಪು.

ಒಂದು ಲೆಕ್ಕ ನೋಡಿ. ಒಂದು ಸೆಂಟಿಮೀಟರಿನ ಗಂಟಿನಲ್ಲಿ ಸುಮಾರು ನೂರು ಕೋಟಿ ಕೋಶಗಳಿರುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರು ಕೋಟಿ ಮುಟ್ಟಲು ಮೂವತ್ತು ಸಲ ಇಮ್ಮಡಿಯಾದರೆ ಸಾಕು. ಪ್ರತಿ ಸಲಕ್ಕೆ ನೂರು ದಿನ ಎಂದು ಇಟ್ಟುಕೊಂಡರೆ, ಕೈಗೆ ಸಿಗುವ ಗಾತ್ರಕ್ಕೆ ಬರಲು ಎಂಟು ವರ್ಷ ದಾಟುತ್ತದೆ. ಎಲ್ಲ ಗೆಡ್ಡೆಗಳ ವೇಗ ಒಂದೇ ಅಲ್ಲ. ಆದರೆ ಅದೇ ವೇಗದ ಗೆಡ್ಡೆ ಸಿಕ್ಕಿದ ಮೇಲೆ ಹದಿನಾಲ್ಕು ತಿಂಗಳು ಸುಮ್ಮನಿದ್ದರೆ ನಾಲ್ಕು ಸಲ ಇಮ್ಮಡಿಯಾಗುತ್ತದೆ, ಅಂದರೆ ಹದಿನಾರು ಪಟ್ಟು. ಎಂಟು ವರ್ಷ ದೇಹ ಮುಚ್ಚಿಟ್ಟಿತ್ತು, ಅದು ಯಾರ ತಪ್ಪೂ ಅಲ್ಲ. ಕೊನೆಯ ಹದಿನಾಲ್ಕು ತಿಂಗಳು ಮಾತ್ರ ನಮ್ಮ ಮನೆಯವರ ಲೆಕ್ಕಕ್ಕೆ ಸೇರಿದ್ದು.

ಬೆಂಗಳೂರಿನಲ್ಲಿ ಬೆಳೆದ ಹುಡುಗಿಯ ನೆನಪು

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ ಯಾರ ಸ್ಮಾರಕ? ಉದ್ಯಮಿಯೊಬ್ಬರ ಸ್ಮಾರಕ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಅದರ ಹಿಂದೆ ಇರುವುದು ಒಬ್ಬ ಹೆಣ್ಣುಮಗಳ ಸಾವು. ಆಕೆಗೆ ಕರ್ನಾಟಕದ ನಂಟೂ ಉಂಟು.

ಮೆಹರ್‌ಬಾಯಿ 1879ರಲ್ಲಿ ಹುಟ್ಟಿದರು. ತಂದೆ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಮಗಳು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ ಬೆಳೆದರು. ಮೈಸೂರಿಗೆ ಹೋದಾಗ ಭಾಭಾ ಮನೆತನವನ್ನು ಕಂಡು ಬಾ ಎಂದು ಜಮ್ಶೆಟ್‌ಜಿ ಟಾಟಾ ಮಗ ದೊರಾಬ್‌ಜಿಗೆ ಹೇಳಿದ್ದರಂತೆ. 1898ರಲ್ಲಿ ಇಬ್ಬರ ಮದುವೆಯಾಯಿತು. ಸೀರೆಯುಟ್ಟು ಟೆನಿಸ್ ಆಡಿ ಗೆಲ್ಲುತ್ತಿದ್ದ ಮೆಹರ್‌ಬಾಯಿ, ಹೆಣ್ಣುಮಕ್ಕಳ ಶಿಕ್ಷಣದ ಪರವಾಗಿ, ಬಾಲ್ಯವಿವಾಹದ ವಿರುದ್ಧ ದುಡಿದರು. 1929ರ ಶಾರದಾ ಕಾಯಿದೆಗೆ ಬೆಂಬಲವಾಗಿ ನಿಂತವರಲ್ಲಿ ಅವರೂ ಒಬ್ಬರು.

ರಕ್ತದ ಕ್ಯಾನ್ಸರ್‌ನಿಂದ ಅವರು 1931ರಲ್ಲಿ ಬ್ರಿಟನ್ನಿನಲ್ಲಿ ತೀರಿಕೊಂಡರು. ದೊರಾಬ್‌ಜಿ 1932ರಲ್ಲಿ, ರಕ್ತಕ್ಯಾನ್ಸರ್ ಸಂಶೋಧನೆಗಾಗಿ ಹೆಂಡತಿಯ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿದರು. ಅದೇ ವರ್ಷ ಅವರೂ ಕಣ್ಮುಚ್ಚಿದರು. ವಿದೇಶದಲ್ಲಿ ಸಿಗುವ ಚಿಕಿತ್ಸೆ ನಮ್ಮ ನೆಲದಲ್ಲೂ ಸಿಗಬೇಕೆಂಬ ಆಸೆಯನ್ನು ಟ್ರಸ್ಟಿನವರು ಕೈಬಿಡಲಿಲ್ಲ. 1941ರ ಫೆಬ್ರವರಿ 28ರಂದು ಪರೇಲಿನ ಆಸ್ಪತ್ರೆ ತೆರೆಯಿತು. ಆಗ ಅಲ್ಲಿ ಇದ್ದದ್ದು ಎಂಬತ್ತು ಹಾಸಿಗೆ. 1957ರಲ್ಲಿ ಅದು ಕೇಂದ್ರ ಸರ್ಕಾರದ ಆರೋಗ್ಯ ಸಚಿವಾಲಯಕ್ಕೆ, 1962ರಲ್ಲಿ ಅಣುಶಕ್ತಿ ಇಲಾಖೆಗೆ ಹೋಯಿತು. ಆಗ ಆ ಇಲಾಖೆಯ ಮುಖ್ಯಸ್ಥರಾಗಿದ್ದ ಹೋಮಿ ಭಾಭಾ ಅವರಿಗೆ ಮೆಹರ್‌ಬಾಯಿ ಸೋದರತ್ತೆ.

ಸಂಕಟ ಸಂಸ್ಥೆಯಾಗುವ ಇಂಥ ಕಥೆ ಮದರಾಸಿನಲ್ಲೂ ನಡೆಯಿತು. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹಟ ಹಿಡಿದು ದುಡಿದು 1954ರಲ್ಲಿ ಅಡಯಾರಿನ ಕ್ಯಾನ್ಸರ್ ಸಂಸ್ಥೆಯನ್ನು ತೆರೆಸಿದರು. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಶುರುವಾದದ್ದು 1973ರಲ್ಲಿ.

ಪರೇಲಿನ ಪ್ರಯೋಗಾಲಯದ ಕಮಲಾಬಾಯಿ

ಆಸ್ಪತ್ರೆಯ ರೋಗಶಾಸ್ತ್ರ ವಿಭಾಗವನ್ನು ಕಟ್ಟಿದವರು ಡಾ. ವಸಂತ ರಾಮ್‌ಜಿ ಖಾನೋಲ್ಕರ್. ಭಾರತದಲ್ಲಿ ಕ್ಯಾನ್ಸರ್ ಅಪರೂಪ ಎಂಬ ಮಾತು ಆ ಕಾಲದಲ್ಲಿ ಚಲಾವಣೆಯಲ್ಲಿತ್ತು. ಖಾನೋಲ್ಕರ್ ಅದನ್ನು ಒಪ್ಪಲಿಲ್ಲ. ಜನರ ಉಡುಗೆ, ಊಟ, ಚಟಗಳಿಗೂ ಕ್ಯಾನ್ಸರ್ ಬರುವ ಜಾಗಕ್ಕೂ ಇರುವ ಸಂಬಂಧವನ್ನು ಅವರು ಹುಡುಕಿದರು. ಕಾಶ್ಮೀರದಲ್ಲಿ ಹೊಟ್ಟೆಗೆ ಅವಚಿಕೊಳ್ಳುವ ಕಾಂಗ್ಡಿಯ ಕೆಂಡದಿಂದ ಹೊಟ್ಟೆಯ ಚರ್ಮಕ್ಕೆ, ಆಂಧ್ರದ ಕರಾವಳಿಯಲ್ಲಿ ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟು ಸೇದುವ ಹೆಂಗಸರಿಗೆ ಅಂಗುಳಿಗೆ, ಬಿಗಿಯಾಗಿ ಧೋತರ ಕಟ್ಟುವವರಿಗೆ ಸೊಂಟಕ್ಕೆ. ಜೀವಕೋಶವನ್ನು ಎಲ್ಲಿ ಪದೇ ಪದೇ ಗಾಸಿ ಮಾಡುತ್ತೇವೋ ಅಲ್ಲಿ ಅದು ಪದೇ ಪದೇ ಒಡೆಯಬೇಕಾಗುತ್ತದೆ, ತಪ್ಪುಗಳು ಅಲ್ಲೇ ಕೂಡುತ್ತವೆ.

ಖಾನೋಲ್ಕರರ ಶಿಷ್ಯೆ ಕಮಲ್ ರಣದಿವೆ. 1917ರಲ್ಲಿ ಪುಣೆಯಲ್ಲಿ ಹುಟ್ಟಿದ ಇವರು ಮದುವೆಯಾಗಿ ಮುಂಬಯಿಗೆ ಬಂದವರು. ಮಗಳು ಡಾಕ್ಟರ್ ಆಗಲಿ ಎಂಬುದು ತಂದೆಯ ಇಚ್ಛೆಯಾಗಿತ್ತು, ಆಕೆ ಜೀವವಿಜ್ಞಾನ ಆರಿಸಿಕೊಂಡರು. ಟಾಟಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ 1949ರಲ್ಲಿ ಡಾಕ್ಟರೇಟ್ ಪಡೆದರು. ಆಮೇಲೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜಾರ್ಜ್ ಗೇ ಅವರ ಪ್ರಯೋಗಾಲಯಕ್ಕೆ ಹೋದರು. ಗರ್ಭಕೊರಳಿನ ಕ್ಯಾನ್ಸರಿನಿಂದ 1951ರಲ್ಲಿ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಬಡ ಕಪ್ಪು ಹೆಣ್ಣುಮಗಳ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ನಿರಂತರ ಬೆಳೆಸಿದ್ದು ಇದೇ ಗೇ. ಆ ಕೋಶಗಳನ್ನು ತೆಗೆಯುವಾಗ ಆಕೆಯನ್ನು ಯಾರೂ ಕೇಳಿರಲಿಲ್ಲ. ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಅವು ಬೆಳೆಯುತ್ತಿವೆ.

ಪರೇಲಿನಲ್ಲಿ 1952ರಲ್ಲಿ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರ ಹುಟ್ಟಿತು. ಅಲ್ಲಿ ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದವರು ಕಮಲಾಬಾಯಿ. ಜೀವಕೋಶ ದೇಹದ ಹೊರಗೆ ಹೇಗೆ ಬೆಳೆಯುತ್ತದೆ, ಯಾವಾಗ ಕೆಡುತ್ತದೆ ಎಂದು ಕಣ್ಣಾರೆ ನೋಡುವ ಅನುಕೂಲ ನಮ್ಮ ದೇಶಕ್ಕೆ ಹೀಗೆ ಬಂತು. ಇಲಿಗಳಲ್ಲಿ ಸ್ತನ ಕ್ಯಾನ್ಸರ್ ಬೆಳೆಯುವುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಅನುವಂಶಿಕತೆ, ಹಾರ್ಮೋನು, ವೈರಸ್ ಮೂರೂ ಹೇಗೆ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ ಎಂಬುದು ಅವರ ಪ್ರಶ್ನೆಯಾಗಿತ್ತು. 1973ರಲ್ಲಿ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘವನ್ನು ಸ್ಥಾಪಿಸಿದವರಲ್ಲಿ ಅವರು ಮುಖ್ಯರು. 1982ರಲ್ಲಿ ಪದ್ಮಭೂಷಣ ಬಂತು, 2001ರಲ್ಲಿ ತೀರಿಕೊಂಡರು.

ಇದೇ ತಂಡ 1958ರಲ್ಲಿ ಕುಷ್ಠರೋಗಿಗಳಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿತು. ಮುಂದೆ ಕುಷ್ಠದ ಲಸಿಕೆಯ ಪ್ರಯತ್ನಕ್ಕೆ ಅದು ಬುನಾದಿಯಾಯಿತು. ವಡಾಲದವರಾದ ನಮಗೆ ಇದು ವಿಶೇಷ. 1890ರಲ್ಲಿ ಶುರುವಾದ ಆಕ್ವರ್ತ್ ಕುಷ್ಠರೋಗ ಆಸ್ಪತ್ರೆ ನಮ್ಮಲ್ಲೇ ಇದೆ. ರೋಗಕ್ಕಿಂತ ನಾಚಿಕೆಯೇ ಮನುಷ್ಯರನ್ನು ಹೇಗೆ ಮನೆಯಿಂದ ಹೊರಹಾಕುತ್ತದೆ ಎಂಬುದಕ್ಕೆ ಆ ಗೋಡೆಗಳು ಸಾಕ್ಷಿ. ಕುಷ್ಠಕ್ಕೆ ಔಷಧಿ ಬಂತು, ಹೆದರಿಕೆ ಕರಗಿತು. ಕ್ಯಾನ್ಸರಿನ ಹೆಸರು ಹೇಳಲು ಮಾತ್ರ ನಾವು ಇನ್ನೂ ದನಿ ತಗ್ಗಿಸುತ್ತೇವೆ.

ತಾಂಬೂಲದ ತಟ್ಟೆ

ಈಗ ನಮಗೆ ಹಿತವಲ್ಲದ ಒಂದು ಮಾತು. ವೀಳ್ಯದೆಲೆ ಅಡಿಕೆ ಇಲ್ಲದೆ ನಮ್ಮಲ್ಲಿ ಒಂದು ಶುಭಕಾರ್ಯವೂ ಇಲ್ಲ. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳ ಮಕ್ಕಳ ಓದು ನಡೆದದ್ದು ಅಡಿಕೆ ತೋಟದಿಂದ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಕೆನ್ನೆಯಲ್ಲಿ ಒತ್ತಿಟ್ಟುಕೊಂಡು ನಿದ್ದೆ ಮಾಡುವ ಅಜ್ಜಿಯರನ್ನೂ ನಾವು ಕಂಡಿದ್ದೇವೆ. ಕವಳ ಹಾಕುವವರ ಬಾಯಿ ಕ್ಯಾನ್ಸರ್ ಬಗ್ಗೆ ತಿರುವಾಂಕೂರಿನ ವೈದ್ಯರೊಬ್ಬರು 1933ರಲ್ಲೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಹೇಳಿತು.

ಇಲ್ಲೂ ಕೋಶ ಹಂತ ಹಂತವಾಗಿಯೇ ಕೆಡುತ್ತದೆ. ಮೊದಲು ಕೆನ್ನೆಯ ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ. ಖಾರ ತಿಂದರೆ ಉರಿ. ಕೆಲವರಿಗೆ ಕೆನ್ನೆ ಬಿಗಿದು ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಇವು ಕ್ಯಾನ್ಸರ್ ಅಲ್ಲ, ಕ್ಯಾನ್ಸರಿನ ಹೊಸ್ತಿಲು. ಹೊಸ್ತಿಲಿನಿಂದ ಹಿಂದಿರುಗಬಹುದು. ತಾಂಬೂಲ ಕೊಡುವ ಪದ್ಧತಿ ಇರಲಿ, ಅದು ನಮ್ಮ ಮರ್ಯಾದೆ. ಬಾಯಲ್ಲಿ ದಿನವಿಡೀ ಇಡುವ ಅಭ್ಯಾಸ ಹೋಗಲಿ.

ಅಡುಗೆಮನೆಯ ವಿನೆಗರ್

ಹೊಸ್ತಿಲಲ್ಲೇ ಹಿಡಿಯಬಹುದಾದ ಇನ್ನೊಂದು ಕ್ಯಾನ್ಸರ್ ಗರ್ಭಕೊರಳಿನದು. ಆ ಜಾಗದ ಕೋಶಗಳನ್ನು ಸವರಿ ತೆಗೆದು ನೋಡುವ ಪ್ಯಾಪ್ ಪರೀಕ್ಷೆಯನ್ನು ಜಾರ್ಜ್ ಪಾಪನಿಕೊಲೌ ವೈದ್ಯಲೋಕದ ಗಮನಕ್ಕೆ ತಂದದ್ದು 1941ರ ಲೇಖನದಿಂದ. ಟಾಟಾ ಆಸ್ಪತ್ರೆ ತೆರೆದದ್ದೂ ಅದೇ ವರ್ಷ. ಅವರ ಸಂಶೋಧನೆಗೆ ವರ್ಷಗಟ್ಟಲೆ ತನ್ನದೇ ದೇಹದ ಮಾದರಿ ಕೊಟ್ಟವರು ಹೆಂಡತಿ ಮೇರಿ. ಈ ಕ್ಯಾನ್ಸರಿಗೆ ಎಚ್‌ಪಿವಿ ಎಂಬ ವೈರಸ್ ಕಾರಣ ಎಂದು ಹೆರಾಲ್ಡ್ ತ್ಸುರ್ ಹೌಸೆನ್ 1980ರ ದಶಕದಲ್ಲಿ ತೋರಿಸಿದರು. ಸೋಂಕು ತಗುಲಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷ ಬೇಕು. ಇಷ್ಟು ದೀರ್ಘ ಅವಕಾಶ ಕೊಡುವ ರೋಗಕ್ಕೆ ನಮ್ಮ ಹೆಂಗಸರು ಬಲಿಯಾಗುವುದೇ ದುಃಖದ ಸಂಗತಿ.

ಪ್ಯಾಪ್ ಪರೀಕ್ಷೆಗೆ ಪ್ರಯೋಗಾಲಯ ಬೇಕು, ತಜ್ಞರು ಬೇಕು. ಬಡವರ ಬಸ್ತಿಗಳಿಗೆ ಏನು ದಾರಿ? 1998ರಲ್ಲಿ ಟಾಟಾ ಆಸ್ಪತ್ರೆಯ ವೈದ್ಯರು ಮುಂಬಯಿಯ ಬಸ್ತಿಗಳಲ್ಲಿ 35ರಿಂದ 64 ವಯಸ್ಸಿನ ಸುಮಾರು ಒಂದೂವರೆ ಲಕ್ಷ ಮಹಿಳೆಯರನ್ನು ಒಳಗೊಂಡ ದೊಡ್ಡ ಅಧ್ಯಯನ ಶುರುಮಾಡಿದರು. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ಕೆಲವು ವಾರ ತರಬೇತಿ ಕೊಟ್ಟರು. ಅವರು ಎರಡೆರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಎರಡು ಪರೀಕ್ಷೆ ಮಾಡಿದರು. ಒಂದು, ಕೈಯಿಂದ ಸ್ತನ ಪರೀಕ್ಷೆ. ಇನ್ನೊಂದು, ಗರ್ಭಕೊರಳಿಗೆ ವಿನೆಗರಿನಂಥ ತಿಳಿಯಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದು ನೋಡುವುದು. ದಾರಿ ತಪ್ಪಿದ ಕೋಶಗಳ ಜಾಗ ಬೆಳ್ಳಗಾಗುತ್ತದೆ. ಅಷ್ಟೇ. ಯಂತ್ರವಿಲ್ಲ, ವಾರಗಟ್ಟಲೆ ಕಾಯುವುದಿಲ್ಲ.

2013ರಲ್ಲಿ ಡಾ. ಸುರೇಂದ್ರ ಶಾಸ್ತ್ರಿ ಅವರು ಫಲಿತಾಂಶ ಪ್ರಕಟಿಸಿದಾಗ ಜಗತ್ತು ತಿರುಗಿ ನೋಡಿತು. ಗರ್ಭಕೊರಳಿನ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆಯಾಗಿತ್ತು. 2021ರಲ್ಲಿ ಬಂದ ಸ್ತನ ಪರೀಕ್ಷೆಯ ಫಲಿತಾಂಶವೂ ಮುಖ್ಯವಾದದ್ದು. ಐವತ್ತು ದಾಟಿದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡಾ 30 ತಗ್ಗಿತ್ತು. ಐವತ್ತಕ್ಕಿಂತ ಕಿರಿಯರಲ್ಲಿ ಸಾವಿನ ಪ್ರಮಾಣ ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಹೋಲಿಕೆಗಾಗಿ ಅರ್ಧದಷ್ಟು ಮಹಿಳೆಯರಿಗೆ ತಿಳಿವಳಿಕೆ ಮಾತ್ರ ಕೊಟ್ಟು ಪರೀಕ್ಷೆ ಮಾಡದೆ ಬಿಟ್ಟದ್ದು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು. ಆ ಪ್ರಶ್ನೆ ನ್ಯಾಯವಾದದ್ದೇ. ಹೆನ್ರಿಯೆಟ್ಟಾಳಂತೆ ಆ ಹೆಂಗಸರ ಋಣವೂ ನಮ್ಮ ಮೇಲಿದೆ. ಅವರಿಂದ ಬಂದ ಅರಿವನ್ನು ಬಳಸದಿದ್ದರೆ ಋಣ ತೀರುವುದೆಂತು?

ನಾವು ಮಾಡಬಹುದಾದದ್ದು

1963ರಲ್ಲಿ ಮುಂಬಯಿಯಲ್ಲಿ ದೇಶದ ಮೊದಲ ಕ್ಯಾನ್ಸರ್ ನೋಂದಣಿ ಶುರುವಾಯಿತು. ಈಗ ಮುಂಬಯಿ, ಬೆಂಗಳೂರು ಎರಡೂ ಕಡೆ ಮಹಿಳೆಯರಲ್ಲಿ ಮೊದಲ ಸ್ಥಾನ ಸ್ತನ ಕ್ಯಾನ್ಸರಿನದು. ಅದು ಅಂಟುರೋಗವಲ್ಲ. ಹಿಂದಿನ ಜನ್ಮದ ಪಾಪವೂ ಅಲ್ಲ. ವಂಶದಿಂದ ಬರುವುದು ನೂರರಲ್ಲಿ ಐದು ಹತ್ತು ಮಂದಿಗೆ ಮಾತ್ರ. ಆದ್ದರಿಂದ "ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ" ಎಂದು ನೆಮ್ಮದಿಯಿಂದ ಇರುವಂತಿಲ್ಲ. "ಆ ಮನೆಯ ಹೆಣ್ಣು ಬೇಡ" ಎಂದು ಸಂಬಂಧ ತಪ್ಪಿಸುವುದಂತೂ ತೀರಾ ಅನ್ಯಾಯ.

ಎದೆಯಲ್ಲಿ, ಕಂಕುಳಲ್ಲಿ ನೋವಿಲ್ಲದ ಗಂಟು, ಮುಟ್ಟು ನಿಂತ ಮೇಲೆ ರಕ್ತ ಕಾಣುವುದು, ಮೂರು ವಾರವಾದರೂ ಮಾಯದ ಬಾಯಿಹುಣ್ಣು. ಇವುಗಳಲ್ಲಿ ಯಾವುದಾದರೂ ಕಂಡರೆ ಹಬ್ಬ ಮುಗಿಯಲಿ ಎಂದು ಕಾಯಬಾರದು. ಬಹಳಷ್ಟು ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ, ನಕ್ಕು ಮನೆಗೆ ಬರುತ್ತೇವೆ. ಹರೆಯಕ್ಕೆ ಬರುತ್ತಿರುವ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು. 2023ರಿಂದ ಪುಣೆಯಲ್ಲೇ ತಯಾರಾದ ಲಸಿಕೆ ಸಿಗುತ್ತಿದೆ.

ಹೆಣ್ಣು ತನ್ನ ದೇಹದ ಬಗ್ಗೆ ಕನ್ನಡದಲ್ಲೇ, ನಾಚಿಕೆಯಿಲ್ಲದೆ ಓದಿ ತಿಳಿಯಲಿ ಎಂದು ಬರೆದವರು ಡಾ. ಅನುಪಮಾ ನಿರಂಜನ. ಅವರನ್ನು ಕ್ಯಾನ್ಸರ್ ಒಯ್ದದ್ದು 1991ರಲ್ಲಿ. ಅವರು ಬಿಟ್ಟುಹೋದ ಧೈರ್ಯ ನಮ್ಮ ಕೈಯಲ್ಲಿದೆ.

ದೊಡ್ಡಮ್ಮ ಚಿಕಿತ್ಸೆಯ ಬಳಿಕ ಎರಡು ವರ್ಷ ಬದುಕಿದರು. ಕೊನೆಯ ಸಲ ವಡಾಲದಿಂದ ಊರಿಗೆ ಹೊರಟಾಗ ನನ್ನನ್ನೂ ನನ್ನ ತಂಗಿಯನ್ನೂ ಒಳಗೆ ಕರೆದರು. ಬಳೆಯನ್ನೋ ಸೀರೆಯನ್ನೋ ಕೊಡುತ್ತಾರೆ ಎಂದುಕೊಂಡೆವು. ಅವರು ನಮ್ಮ ಕೈ ಹಿಡಿದು, ಗಂಟು ಎಲ್ಲಿತ್ತು, ಮೊದಲು ಮುಟ್ಟಿದಾಗ ಹೇಗಿತ್ತು ಎಂದು ವಿವರವಾಗಿ ಹೇಳಿದರು. "ನಾನು ಹೇಳಲಿಲ್ಲ, ನೀವು ಹೇಳಿ" ಎಂದರು. ಊರಿನಿಂದ ಅಂಥ ಫೋನು ಬಂದಾಗ ನಾನೀಗ ಮೊದಲು ಕೇಳುವುದು, "ಗಂಟು ಕಂಡು ಎಷ್ಟು ದಿನವಾಯಿತು?" ಎಂದೇ.